ಅರೆಕಾಲಿಕ ದುಡಿಮೆ: ಉಳಿದ ಗಂಟೆಗಳ ಲೆಕ್ಕ

ದೇಶದ ಉದ್ಯೋಗದ ಸ್ಥಿತಿಗತಿಯನ್ನು ಅಳೆಯುವ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆಯಲ್ಲಿ ವಾರದ ಲೆಕ್ಕ ಹಿಡಿಯಲು ಒಂದು ನಿಯಮವಿದೆ. ಸಮೀಕ್ಷೆಗೆ ಹಿಂದಿನ ಏಳು ದಿನಗಳಲ್ಲಿ ಯಾವುದಾದರೂ ಒಂದು ದಿನ ಕನಿಷ್ಠ ಒಂದು ಗಂಟೆ ದುಡಿದವರೆಲ್ಲರೂ ಅದರ ಪ್ರಕಾರ ಉದ್ಯೋಗದಲ್ಲಿರುವವರು. ಇದು ಅಂತರರಾಷ್ಟ್ರೀಯವಾಗಿ ಒಪ್ಪಿತವಾದ ಕ್ರಮ; ಬೇರೆ ಬೇರೆ ದೇಶಗಳ ಅಂಕಿಅಂಶಗಳನ್ನು ಹೋಲಿಸಿ ನೋಡಲು ಇಂಥದೊಂದು ಸಾಮಾನ್ಯ ಗೆರೆ ಬೇಕಾಗುತ್ತದೆ. ಆದರೆ ಈ ಗೆರೆಯ ಆಧಾರದಲ್ಲಿ ಸಿಗುವ ನಿರುದ್ಯೋಗ ಪ್ರಮಾಣವೊಂದನ್ನೇ ನೋಡಿ ಜನರ ಜೀವನಮಟ್ಟ ಸುಧಾರಿಸಿದೆ ಎಂದು ತೀರ್ಮಾನಿಸಲು ಹೊರಟರೆ ದಾರಿ ತಪ್ಪುತ್ತದೆ. ಮನೆಯಲ್ಲಿ ಮೂವರಿಗೆ ಕೆಲಸವಿದ್ದೂ ತಿಂಗಳ ಕೊನೆಗೆ ರೇಷನ್ ಅಂಗಡಿಯ ಅಕ್ಕಿಯನ್ನೇ ನೆಚ್ಚಿಕೊಳ್ಳುವ ಕುಟುಂಬಗಳು ನಮ್ಮ ಸುತ್ತ ಬೇಕಾದಷ್ಟಿವೆ. ಅವರಿಗೆ ಕೆಲಸ ಇಲ್ಲವೆಂದಲ್ಲ, ಇರುವ ಕೆಲಸ ಇಡೀ ಕೆಲಸವಲ್ಲ.

ಅರೆಕಾಲಿಕ ಕೆಲಸ ಎಂದೊಡನೆ ಈಗ ಬಹುತೇಕರ ಕಣ್ಣ ಮುಂದೆ ಬರುವುದು ಬೆಂಗಳೂರಿನ ರಸ್ತೆಗಳಲ್ಲಿ ಊಟದ ಚೀಲ ಹೊತ್ತು ಓಡಾಡುವ ಯುವಕರು. ಆ ಕ್ಷೇತ್ರ ವೇಗವಾಗಿ ಬೆಳೆಯುತ್ತಿರುವುದು ನಿಜ. ದೇಶದಲ್ಲಿ 2020-21ರಲ್ಲಿ 77 ಲಕ್ಷ ಗಿಗ್ ಕಾರ್ಮಿಕರಿದ್ದರೆಂದೂ 2029-30ರ ವೇಳೆಗೆ ಅವರ ಸಂಖ್ಯೆ 2.35 ಕೋಟಿ ಮುಟ್ಟಬಹುದೆಂದೂ ನೀತಿ ಆಯೋಗ 2022ರಲ್ಲಿ ಅಂದಾಜು ಮಾಡಿತ್ತು. ಆದರೆ ಕರ್ನಾಟಕದ ಮಟ್ಟಿಗೆ ಈ ಕಥೆ ಆ್ಯಪ್‌ಗಳಿಂದ ಶುರುವಾದದ್ದಲ್ಲ. ಅವು ಬರುವುದಕ್ಕೆ ಎಷ್ಟೋ ಮೊದಲೇ ಅಂಗನವಾಡಿ, ಬಿಸಿಯೂಟ, ಆಶಾ, ಅತಿಥಿ ಉಪನ್ಯಾಸಕರು ಎಂಬ ಹೆಸರುಗಳಲ್ಲಿ ಅರೆಕಾಲಿಕ ದುಡಿಮೆಯನ್ನು ಅತಿ ದೊಡ್ಡ ಪ್ರಮಾಣದಲ್ಲಿ ನೆಲೆಗೊಳಿಸಿದ್ದು ಸರ್ಕಾರವೇ. ಖಾಸಗಿ ಕಂಪನಿಗಳು ಇಂದು ಅನುಸರಿಸುತ್ತಿರುವ ಲೆಕ್ಕಾಚಾರದ ಮೂಲ ರೂಪ ಸರ್ಕಾರದ ಆದೇಶಗಳಲ್ಲೇ ಸಿಗುತ್ತದೆ. ಆದ್ದರಿಂದ ಈ ಲೇಖನದ ಹೆಚ್ಚಿನ ಭಾಗವನ್ನು ಅದಕ್ಕೇ ಮೀಸಲಿಡುತ್ತೇನೆ.

ಬಿಸಿಯೂಟದ ಅಡುಗೆಮನೆಯಿಂದಲೇ ನೋಡೋಣ. ಅಕ್ಷರ ದಾಸೋಹ ಯೋಜನೆಯಡಿ ಸರ್ಕಾರಿ ಶಾಲೆಗಳಲ್ಲಿ ಅಡುಗೆ ಮಾಡುವ ಮಹಿಳೆಯರನ್ನು ಮುಖ್ಯ ಅಡುಗೆಯವರು ಮತ್ತು ಅಡುಗೆ ಸಹಾಯಕಿಯರು ಎಂದು ವಿಂಗಡಿಸಲಾಗಿದೆ. ಕೇಂದ್ರದ ಮಾನದಂಡದ ಪ್ರಕಾರ 25 ಮಕ್ಕಳವರೆಗಿನ ಶಾಲೆಗೆ ಒಬ್ಬರು, 26ರಿಂದ 100 ಮಕ್ಕಳಿದ್ದರೆ ಇಬ್ಬರು, ಆಮೇಲೆ ಪ್ರತಿ ನೂರು ಮಕ್ಕಳಿಗೆ ಒಬ್ಬೊಬ್ಬರು ಹೆಚ್ಚುವರಿ. ದಾಖಲೆಯಲ್ಲಿ ಇದು ದಿನಕ್ಕೆ ಕೆಲವೇ ಗಂಟೆಗಳ ಗೌರವಧನದ ಕೆಲಸ. ಶಾಲೆಯಲ್ಲಿ ಅದು ಹೇಗೆ ನಡೆಯುತ್ತದೆ ಎಂಬುದು ಬೇರೆ ಮಾತು. ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಹಾಲಿನ ಪುಡಿ ಕಲಸಿ ಕಾಯಿಸಿ ಮಕ್ಕಳ ಲೋಟಕ್ಕೆ ಹಾಕಬೇಕು. ಕ್ಷೀರಭಾಗ್ಯ ಯೋಜನೆ 2013ರ ಆಗಸ್ಟ್‌ನಲ್ಲಿ ಆರಂಭವಾದಂದಿನಿಂದ ಇದು ಅಡುಗೆಯವರ ದಿನದ ಮೊದಲ ಕೆಲಸ. ನಂತರದ ವರ್ಷಗಳಲ್ಲಿ ಅದಕ್ಕೆ ರಾಗಿ ಮಾಲ್ಟ್ ಸೇರಿಕೊಂಡಿತು. ಅದು ಮುಗಿಯುತ್ತಿದ್ದಂತೆ ಅಕ್ಕಿ ಆರಿಸಿ, ಬೇಳೆ ತೊಳೆದು, ತರಕಾರಿ ಹೆಚ್ಚಿ ಒಲೆ ಹೊತ್ತಿಸಬೇಕು. 2024ರ ಸೆಪ್ಟೆಂಬರ್‌ನಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರದ ಆರೂ ದಿನ ಮೊಟ್ಟೆ ಕೊಡುವ ಕಾರ್ಯಕ್ರಮ ಬಂತು. ಮಕ್ಕಳ ಪೌಷ್ಟಿಕತೆಯ ದೃಷ್ಟಿಯಿಂದ ಇದು ಬಹಳ ಒಳ್ಳೆಯ ಕಾರ್ಯಕ್ರಮ. ಆದರೆ ಮುನ್ನೂರು ಮೊಟ್ಟೆಗಳನ್ನು ಬೇಯಿಸಿ, ಬಿಸಿ ಆರುವ ಮೊದಲೇ ಒಂದೊಂದಾಗಿ ಸುಲಿದು ಬಡಿಸುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ಆ ಅಡುಗೆಮನೆಯಲ್ಲಿ ಕೂತವರಿಗಷ್ಟೇ ಗೊತ್ತು. ಊಟವಾದ ಮೇಲೆ ದೊಡ್ಡ ಪಾತ್ರೆಗಳನ್ನು ಉಜ್ಜಿ, ಅಡುಗೆಮನೆ ಮತ್ತು ಊಟದ ಜಾಗ ತೊಳೆದು, ಮರುದಿನದ ದಿನಸಿಯನ್ನು ಮುಖ್ಯ ಶಿಕ್ಷಕರ ಎದುರು ಅಳೆದಿಟ್ಟು ಹೊರಡುವಾಗ ಮಧ್ಯಾಹ್ನ ಮೂರು ದಾಟಿರುತ್ತದೆ. ಹಾಲು, ಮಾಲ್ಟ್, ಮೊಟ್ಟೆ ಹೀಗೆ ಕೆಲಸಗಳು ಒಂದರ ಮೇಲೊಂದು ಸೇರುತ್ತ ಹೋದರೂ ಹುದ್ದೆ ಮಾತ್ರ ಮೊದಲಿನಂತೆ ಅರೆಕಾಲಿಕವಾಗಿಯೇ ಉಳಿದಿದೆ.

ಇದಕ್ಕೆ ಕೇಂದ್ರ ಸರ್ಕಾರ ನಿಗದಿ ಮಾಡಿರುವ ಗೌರವಧನ ತಿಂಗಳಿಗೆ 1,000 ರೂಪಾಯಿ, ಅದೂ ವರ್ಷದಲ್ಲಿ ಹತ್ತು ತಿಂಗಳಿಗೆ. ಇದರಲ್ಲಿ ಕೇಂದ್ರ 600 ರೂಪಾಯಿ ಕೊಟ್ಟರೆ ಉಳಿದ 400 ರಾಜ್ಯದ ಪಾಲು. 2009ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಈ ಮೊತ್ತ ಇಂದಿಗೂ ಬದಲಾಗಿಲ್ಲ. ಕರ್ನಾಟಕ ತನ್ನ ಬೊಕ್ಕಸದಿಂದ ಹೆಚ್ಚುವರಿ ಹಣ ಸೇರಿಸುತ್ತ ಬಂದಿದೆ, 2025-26ರ ಬಜೆಟ್‌ನಲ್ಲಿಯೂ ಸಾವಿರ ರೂಪಾಯಿ ಏರಿಸಿತು. ಹಾಗಿದ್ದೂ ಕೈಗೆ ಬರುವ ಮೊತ್ತ ಐದು ಸಾವಿರದೊಳಗೇ ಇದೆ. ಐದು ಸಾವಿರವೇ ಎಂದು ಹಿಡಿದು ತಿಂಗಳ 24 ದಿನಗಳಿಗೆ ಭಾಗಿಸಿದರೂ ದಿನಕ್ಕೆ 210 ರೂಪಾಯಿ ಆಗುವುದಿಲ್ಲ. ಅದೇ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿ ಯೋಜನೆಯ ದಿನಗೂಲಿ 370 ರೂಪಾಯಿ ಇತ್ತು. ಅಂದರೆ ಸರ್ಕಾರ ತನ್ನ ಒಂದು ಯೋಜನೆಯಲ್ಲಿ ಅಕುಶಲ ಕೂಲಿಗೆ ಕೊಡುವ ದರಕ್ಕಿಂತ ಇನ್ನೊಂದು ಯೋಜನೆಯಲ್ಲಿ ಮಕ್ಕಳಿಗೆ ಅಡುಗೆ ಮಾಡುವವರಿಗೆ ಬಹಳ ಕಡಿಮೆ ಕೊಡುತ್ತಿದೆ.

ಇಲ್ಲಿ ಸಾಮಾನ್ಯವಾಗಿ ಕೇಳಿಬರುವ ಸಮಾಧಾನವೊಂದಿದೆ. ಅರ್ಧ ದಿನದ ಕೆಲಸವಾದ್ದರಿಂದ ಸಂಬಳವೂ ಅರ್ಧ, ಉಳಿದ ಹೊತ್ತಿನಲ್ಲಿ ಬೇರೆ ದುಡಿಮೆ ಮಾಡಿಕೊಳ್ಳಬಹುದಲ್ಲ ಎಂಬುದು. ಅರೆಕಾಲಿಕ ಕೆಲಸದ ಬಗೆಗಿನ ಅಧಿಕೃತ ಚಿಂತನೆಯೆಲ್ಲ ನಿಂತಿರುವುದು ಈ ಒಂದು ಎಣಿಕೆಯ ಮೇಲೆ, ಮತ್ತು ಅದು ತಪ್ಪಾಗುವುದೂ ಇಲ್ಲೇ. ಹಳ್ಳಿಯಲ್ಲಿ ಹೊಲದ ಕೂಲಿ ಶುರುವಾಗುವುದು ಬೆಳಿಗ್ಗೆ. ನಾಟಿಗೋ ಕಳೆ ಕೀಳುವುದಕ್ಕೋ ಆಳುಗಳನ್ನು ಕರೆದೊಯ್ಯುವವರು ಹೊತ್ತೇರುವ ಮೊದಲೇ ಗುಂಪು ಕಟ್ಟಿಕೊಂಡು ಹೊರಡುತ್ತಾರೆ. ಒಂಬತ್ತಕ್ಕೆ ಶಾಲೆಯಲ್ಲಿರಬೇಕಾದ ಹೆಂಗಸು ಆ ಗುಂಪಿನಲ್ಲಿ ಸೇರಲಾರಳು, ಮಧ್ಯಾಹ್ನ ಮೂರರ ನಂತರ ಅವಳನ್ನು ಕೂಲಿಗೆ ಕರೆಯುವವರು ಯಾರೂ ಇಲ್ಲ. ಗಾರ್ಮೆಂಟ್ ಕಾರ್ಖಾನೆಯ ಪಾಳಿ ಇಡೀ ದಿನದ್ದು. ಹೀಗೆ ದಿನದ ನಡುವಿನ ಐದಾರು ಗಂಟೆಗಳನ್ನು ಕೊಂಡುಕೊಂಡವರು ವಾಸ್ತವದಲ್ಲಿ ಇಡೀ ದಿನವನ್ನೇ ಹಿಡಿದಿಟ್ಟುಕೊಂಡಂತಾಗುತ್ತದೆ. ಉಳಿದ ಗಂಟೆಗಳು ಕಾಗದದ ಮೇಲೆ ಅವಳವೇ ಆಗಿದ್ದರೂ ಮಾರುಕಟ್ಟೆಯಲ್ಲಿ ಅವಕ್ಕೆ ಬೆಲೆ ಇಲ್ಲ.

ಅರೆಕಾಲಿಕ ದುಡಿಮೆಯಿಂದ ಜೀವನಮಟ್ಟ ಕುಸಿಯುವುದಕ್ಕೆ ಗಂಟೆಯ ದರ ಕಡಿಮೆ ಇರುವುದಷ್ಟೇ ಕಾರಣವಲ್ಲ ಎಂದು ನಾನು ಹೇಳುವುದು ಇದಕ್ಕಾಗಿ. ಕೆಲಸ ದಿನದ ಯಾವ ಭಾಗವನ್ನು ಆಕ್ರಮಿಸುತ್ತದೆ, ಅದರ ಸಮಯವನ್ನು ಯಾರು ನಿರ್ಧರಿಸುತ್ತಾರೆ, ಎಷ್ಟು ಮುಂಚಿತವಾಗಿ ತಿಳಿಸುತ್ತಾರೆ ಎಂಬ ಪ್ರಶ್ನೆಗಳು ದರದಷ್ಟೇ ಮುಖ್ಯವಾದವು. ಬೆಳಿಗ್ಗೆ ಆರರಿಂದ ಹತ್ತರವರೆಗೆ ಎಂದು ಖಚಿತವಾಗಿ ಗೊತ್ತಿರುವ ನಾಲ್ಕು ಗಂಟೆಯ ಕೆಲಸವೂ, ಹತ್ತರಿಂದ ಐದರ ನಡುವೆ ಎಲ್ಲಿ ಬೇಕಾದರೂ ಬೀಳಬಹುದಾದ ನಾಲ್ಕು ಗಂಟೆಯ ಕೆಲಸವೂ ಒಂದೇ ಅಲ್ಲ. ಮೊದಲನೆಯದರ ಜೊತೆಗೆ ಇನ್ನೊಂದು ಜೀವನೋಪಾಯ ಹೊಂದಿಸಿಕೊಳ್ಳಬಹುದು, ಎರಡನೆಯದರ ಜೊತೆಗೆ ಕಾಯುವುದೊಂದೇ ಸಾಧ್ಯ.

ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರ ಸ್ಥಿತಿ ಇದಕ್ಕೆ ಇನ್ನೊಂದು ಉದಾಹರಣೆ. ರಾಜ್ಯದಲ್ಲಿ ಇಂಥ ನಾನೂರಕ್ಕೂ ಹೆಚ್ಚು ಕಾಲೇಜುಗಳಿದ್ದು, ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು ಅವುಗಳಲ್ಲಿ ಪಾಠ ಮಾಡುತ್ತ ಬಂದಿದ್ದಾರೆ. ಸ್ನಾತಕೋತ್ತರ ಪದವಿ, ಎಷ್ಟೋ ಜನರಿಗೆ ನೆಟ್ ಅಥವಾ ಕೆ-ಸೆಟ್ ಅರ್ಹತೆ, ಕೆಲವರಿಗೆ ಪಿಎಚ್‌ಡಿ ಇದ್ದೂ 2022ರ ಜನವರಿಯವರೆಗೆ ಅವರ ಮಾಸಿಕ ಗೌರವಧನ ಇದ್ದದ್ದು 11 ಸಾವಿರ ಮತ್ತು 13 ಸಾವಿರ ರೂಪಾಯಿ. ಆ ತಿಂಗಳು ಸರ್ಕಾರ ಅದನ್ನು ಅರ್ಹತೆ ಹಾಗೂ ಸೇವಾವಧಿಗೆ ಅನುಗುಣವಾಗಿ 26 ಸಾವಿರದಿಂದ 32 ಸಾವಿರಕ್ಕೆ ಏರಿಸಿತು. ದೊಡ್ಡ ಏರಿಕೆಯೇ ಸರಿ. ಆದರೆ ಜೊತೆಗೆ ವಾರದ ಕಾರ್ಯಭಾರವನ್ನೂ ಎಂಟು-ಹತ್ತು ಗಂಟೆಗಳಿಂದ ಹದಿನೈದು ಗಂಟೆಗೆ ಏರಿಸಲಾಯಿತು. ಕಾಲೇಜುಗಳಲ್ಲಿ ಲಭ್ಯವಿದ್ದ ಒಟ್ಟು ಬೋಧನಾ ಗಂಟೆಗಳು ಅಷ್ಟೇ ಇದ್ದುದರಿಂದ, ಮೊದಲು ಇಬ್ಬರಿಗೆ ಹಂಚಿಕೆಯಾಗುತ್ತಿದ್ದ ಗಂಟೆಗಳು ಒಬ್ಬರ ಪಾಲಾದವು, ಸೇವಾವಧಿ ಕಡಿಮೆಯಿದ್ದವರು ಹೊರಗುಳಿಯಬೇಕಾಯಿತು. ಒಬ್ಬರ ಬದುಕು ಸುಧಾರಿಸಿದ್ದು ಇನ್ನೊಬ್ಬರ ಕೆಲಸ ಹೋದದ್ದರಿಂದ. ಮಂಜೂರಾದ ಹುದ್ದೆಗಳನ್ನು ಕಾಲಕಾಲಕ್ಕೆ ತುಂಬದೆ, ತಾತ್ಕಾಲಿಕ ವ್ಯವಸ್ಥೆಯನ್ನೇ ದಶಕಗಳ ಕಾಲ ಎಳೆದಾಗ ಸುಧಾರಣೆಯೂ ಹೀಗೆ ಹಾನಿಯನ್ನು ಹೊತ್ತುಕೊಂಡೇ ಬರುತ್ತದೆ.

2023ರ ನವೆಂಬರ್‌ನಲ್ಲಿ ಸೇವಾ ಭದ್ರತೆ ಕೇಳಿ ಅತಿಥಿ ಉಪನ್ಯಾಸಕರು ಮತ್ತೆ ಮುಷ್ಕರ ಹೂಡಿದರು. ತುಮಕೂರಿನಿಂದ ಬೆಂಗಳೂರಿಗೆ ಪಾದಯಾತ್ರೆಯನ್ನೂ ನಡೆಸಿದರು. ಈ ಹೋರಾಟದ ನಡುವೆ ಗೌರವಧನದಲ್ಲಿ ಐದರಿಂದ ಎಂಟು ಸಾವಿರ ರೂಪಾಯಿಗಳ ಏರಿಕೆ, ಆರೋಗ್ಯ ವಿಮೆ, ವಯೋಮಿತಿ ತಲುಪಿದವರಿಗೆ ಐದು ಲಕ್ಷ ರೂಪಾಯಿ ಇಡಿಗಂಟು ಘೋಷಣೆಯಾಯಿತು. ಸೇವಾ ಭದ್ರತೆ ಮಾತ್ರ ಸಿಗಲಿಲ್ಲ. ಪ್ರತಿ ಶೈಕ್ಷಣಿಕ ವರ್ಷದ ಆರಂಭದಲ್ಲಿ ಹೊಸದಾಗಿ ಅರ್ಜಿ, ಕೌನ್ಸೆಲಿಂಗ್, ಸ್ಥಳ ನಿಯೋಜನೆ. ನಡುವೆ ಗೌರವಧನವಿಲ್ಲದ ರಜೆಯ ತಿಂಗಳುಗಳು. ನಲವತ್ತು ದಾಟಿದ, ಹದಿನೈದು ವರ್ಷ ಪಾಠ ಮಾಡಿದ ವ್ಯಕ್ತಿಗೆ ಮುಂದಿನ ಜೂನ್‌ನಲ್ಲಿ ತಾನು ಯಾವ ಊರಿನಲ್ಲಿರುತ್ತೇನೆಂದು ಗೊತ್ತಿರುವುದಿಲ್ಲ ಎಂದ ಮೇಲೆ ಅವರು ಮಕ್ಕಳ ಶಾಲೆಯನ್ನು, ಬಾಡಿಗೆ ಮನೆಯನ್ನು, ಬ್ಯಾಂಕಿನ ಸಾಲವನ್ನು ಯಾವ ಭರವಸೆಯ ಮೇಲೆ ನಿರ್ಧರಿಸಬೇಕು? ಜೀವನಮಟ್ಟ ಎನ್ನುವುದು ಈ ತಿಂಗಳ ಆದಾಯಕ್ಕೆ ಎಷ್ಟು ಸೇರಿದೆಯೋ ಮುಂದಿನ ವರ್ಷದ ಬಗೆಗಿನ ನಂಬಿಕೆಗೂ ಅಷ್ಟೇ ಸೇರಿದೆ.

ಈ ಬಗೆಯ ಕೆಲಸಗಳ ಹಿಂದೆ ಇನ್ನೊಂದು ಹಳೆಯ ಗ್ರಹಿಕೆಯಿದೆ. ಗ್ರಾಮೀಣ ಡಾಕ್ ಸೇವಕರ ನೇಮಕಾತಿ ನಿಯಮಗಳಲ್ಲಿ ಅದು ಬಾಯಿಬಿಟ್ಟೇ ಹೇಳಲ್ಪಟ್ಟಿದೆ: ಅಭ್ಯರ್ಥಿಗೆ ಜೀವನೋಪಾಯಕ್ಕೆ ಬೇರೆ ಆದಾಯದ ಮೂಲವಿರಬೇಕು. ಅಂಚೆ ಕೆಲಸ ನಾಲ್ಕೈದು ಗಂಟೆಯದ್ದು, ಅದರಿಂದ ಮನೆ ನಡೆಯುವುದಿಲ್ಲ, ಜಮೀನೋ ಅಂಗಡಿಯೋ ಇದ್ದವರು ಇದನ್ನೂ ನೋಡಿಕೊಳ್ಳಲಿ ಎಂಬ ಬ್ರಿಟಿಷರ ಕಾಲದ ಏರ್ಪಾಡಿನ ಮುಂದುವರಿಕೆ ಅದು. ಶಾಲಾ ಮೇಷ್ಟ್ರೋ ಕಿರಾಣಿ ಅಂಗಡಿಯವರೋ ಅಂಚೆ ಪೆಟ್ಟಿಗೆಯನ್ನೂ ನೋಡಿಕೊಳ್ಳುತ್ತಿದ್ದ ಕಾಲಕ್ಕೆ ಆ ನಿಯಮ ಹೊಂದುತ್ತಿತ್ತು. ಇಂದು ಆ ಹುದ್ದೆಗೆ ಬರುವ ತರುಣ ತರುಣಿಯರು ಎಸ್ಸೆಸ್ಸೆಲ್ಸಿಯ ಅಂಕಗಳ ಆಧಾರದ ಮೇಲೆ ಊರು ಬಿಟ್ಟು ಊರಿಗೆ ಬಂದವರು, ಬೀದರ್‌ನವರು ದಕ್ಷಿಣ ಕನ್ನಡದಲ್ಲಿ ಕೊಠಡಿ ಬಾಡಿಗೆ ಹಿಡಿದು ಇರುವವರು. ಅವರಿಗೆ ಅಲ್ಲಿ ಜಮೀನೂ ಇಲ್ಲ, ಅಂಗಡಿಯೂ ಇಲ್ಲ.

ಅಂಗನವಾಡಿ, ಬಿಸಿಯೂಟ, ಆಶಾ ಯೋಜನೆಗಳಲ್ಲಿ ಇದೇ ಗ್ರಹಿಕೆ ಬರವಣಿಗೆಗೆ ಬಾರದೆ ಕೆಲಸ ಮಾಡುತ್ತದೆ. ಇಲ್ಲಿ ಬೇರೆ ಆದಾಯದ ಮೂಲವೆಂದರೆ ಗಂಡ. ಮನೆ ನಡೆಸುವವನು ಅವನು, ಇವಳದು ಕೈಖರ್ಚಿಗೆ ಎಂಬ ಎಣಿಕೆ. ಆದರೆ ಬಿಸಿಯೂಟದ ಕೆಲಸದ ಆಯ್ಕೆಯಲ್ಲಿ ವಿಧವೆಯರು, ಗಂಡ ಬಿಟ್ಟವರು, ತೀರಾ ಬಡವರು, ಪರಿಶಿಷ್ಟ ಸಮುದಾಯದವರಿಗೆ ಆದ್ಯತೆ ಕೊಡಬೇಕೆಂಬ ಆಶಯವೂ ಇದೆ, ಅದರಂತೆ ಸಾವಿರಾರು ಜನ ಆಯ್ಕೆಯಾಗಿಯೂ ಇದ್ದಾರೆ. ಮನೆಯಲ್ಲಿ ದುಡಿಯುವ ಗಂಡಸಿಲ್ಲವೆಂಬ ಕಾರಣಕ್ಕೆ ಆರಿಸಿ, ದುಡಿಯುವ ಗಂಡಸಿದ್ದಾನೆ ಎಂದುಕೊಂಡು ಗೌರವಧನ ನಿಗದಿ ಮಾಡುವುದರಲ್ಲಿರುವ ಅನ್ಯಾಯ ಎದ್ದು ಕಾಣುವಂಥದ್ದು. ಇಷ್ಟು ವರ್ಷ ಅದನ್ನು ಸರಿಪಡಿಸದೆ ಬಿಟ್ಟಿರುವುದು ನನಗೆ ಬಹಳ ನೋವಿನ ಸಂಗತಿ.

ಹೆಂಗಸರೇ ಏಕೆ ಇಂಥ ಕೆಲಸಗಳನ್ನು ಹೆಚ್ಚಾಗಿ ಒಪ್ಪಿಕೊಳ್ಳುತ್ತಾರೆ ಎಂಬುದಕ್ಕೆ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ ಉತ್ತರವಿದೆ. 15ರಿಂದ 59 ವರ್ಷದವರಲ್ಲಿ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕಾಗಿ ದಿನಕ್ಕೆ ಸರಾಸರಿ 305 ನಿಮಿಷ ವ್ಯಯಿಸಿದರೆ ಪುರುಷರು ಸುಮಾರು ಒಂದೂವರೆ ಗಂಟೆಯನ್ನಷ್ಟೇ ವ್ಯಯಿಸುತ್ತಾರೆ. ಐದು ಗಂಟೆಗೂ ಮೀರಿದ ಆ ಕೆಲಸ ಮುಗಿಸಿ ಎಂಟು ಗಂಟೆಯ ಪಾಳಿಗೆ, ಅದರಲ್ಲೂ ದೂರದ ಊರಿಗೆ, ಹೋಗಿಬರುವುದು ಎಲ್ಲರಿಗೂ ಆಗುವುದಿಲ್ಲ. ಹಾಗಾಗಿ ಮನೆಗೆ ಹತ್ತಿರದ, ಕಡಿಮೆ ಗಂಟೆಯ ಕೆಲಸವನ್ನು ಅವರು ಆರಿಸಿಕೊಳ್ಳುತ್ತಾರೆ. ಅದನ್ನು ಸ್ವಂತ ಆಯ್ಕೆ ಎಂದು ಕರೆಯುವುದು ಪೂರ್ತಿ ಸರಿಯಲ್ಲ. ಈ ವಿಷಯದಲ್ಲಿ 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆ ಮಾಡಿದ ಉಪಕಾರವೊಂದನ್ನು ಹೇಳಬೇಕು. ಎಂಟು ಗಂಟೆ ದುಡಿದರೂ ನಾಲ್ಕು ಗಂಟೆ ದುಡಿದರೂ ಬಸ್ಸಿನ ಚಾರ್ಜು ಒಂದೇ ಆದ್ದರಿಂದ, ಕಡಿಮೆ ಗಂಟೆ ದುಡಿಯುವವರ ಸಂಬಳದಲ್ಲಿ ಪ್ರಯಾಣದ ಪಾಲು ಯಾವಾಗಲೂ ದೊಡ್ಡದಾಗಿರುತ್ತದೆ. ಉಚಿತ ಪ್ರಯಾಣ ಆ ಹೊರೆಯನ್ನು ತೆಗೆದುಹಾಕಿ, ಮೊದಲು ಗಿಟ್ಟದಿದ್ದ ಎಷ್ಟೋ ಸಣ್ಣ ಕೆಲಸಗಳು ಗಿಟ್ಟುವಂತೆ ಮಾಡಿತು. ಪಟ್ಟಣದ ಮನೆಗಳಲ್ಲಿ ಪಾತ್ರೆ ತೊಳೆದು ಕಸ ಗುಡಿಸುವ, ಒಂದು ದಿನಕ್ಕೆ ಮೂರು ನಾಲ್ಕು ಮನೆ ಸುತ್ತುವ ಮಹಿಳೆಯರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು.

ಮನೆಗೆಲಸದವರ ಮಾತು ಬಂದಾಗ ಕಾನೂನಿನ ಇನ್ನೊಂದು ಕೊರತೆ ಕಣ್ಣಿಗೆ ಬೀಳುತ್ತದೆ. ನಾಲ್ಕು ಮನೆಗಳಲ್ಲಿ ಎರಡೆರಡು ಗಂಟೆ ದುಡಿಯುವವಳು ಒಟ್ಟಿನಲ್ಲಿ ಎಂಟು ಗಂಟೆ ದುಡಿದರೂ ಯಾವ ಮನೆಗೂ ಅವಳು ಪೂರ್ಣಾವಧಿಯ ಕೆಲಸಗಾರ್ತಿಯಲ್ಲ. ನಮ್ಮ ಸಾಮಾಜಿಕ ಭದ್ರತೆಯ ವ್ಯವಸ್ಥೆ ಕಟ್ಟಲ್ಪಟ್ಟಿರುವುದು ಸಂಸ್ಥೆಯ ಸುತ್ತ. ಪಿಎಫ್‌ಗೆ ಇಪ್ಪತ್ತು ಜನರಿರುವ ಸಂಸ್ಥೆ, ಇಎಸ್‌ಐಗೆ ಹತ್ತು ಜನರಿರುವ ಸಂಸ್ಥೆ ಎಂಬ ಲೆಕ್ಕ. ಬಿಡಿ ಬಿಡಿಯಾಗಿ ಹಂಚಿಹೋದ ದುಡಿಮೆ ಈ ಜರಡಿಯಲ್ಲಿ ನಿಲ್ಲುವುದಿಲ್ಲ. ಕರ್ನಾಟಕ 2004ರಲ್ಲೇ ಮನೆಗೆಲಸದವರಿಗೆ ಕನಿಷ್ಠ ವೇತನ ನಿಗದಿಪಡಿಸಿದ ರಾಜ್ಯ. ಅದನ್ನು ಕೇಳಿ ಪಡೆಯುವ ದಾರಿಯೇ ಗಟ್ಟಿಯಾಗದ್ದರಿಂದ ದರ ಇಂದಿಗೂ ಬೀದಿ ಬೀದಿಯ ಚೌಕಾಸಿಯಲ್ಲೇ ತೀರ್ಮಾನವಾಗುತ್ತಿದೆ.

ಗಿಗ್ ಕೆಲಸದಲ್ಲಿ ಈ ಹಂಚಿಹೋಗುವಿಕೆ ಗಂಟೆಗಳಿಂದ ನಿಮಿಷಗಳಿಗೆ ಇಳಿದಿದೆ. ಆರ್ಡರ್ ಬಂದಾಗಿನಿಂದ ಮುಟ್ಟಿಸುವವರೆಗಿನ ಹೊತ್ತಿಗೆ ಹಣ, ಹೋಟೆಲ್ ಮುಂದೆ ಫೋನ್ ನೋಡುತ್ತ ನಿಂತ ಹೊತ್ತಿಗೆ ಇಲ್ಲ. ಮಧ್ಯಾಹ್ನದ ಊಟದ ಸಮಯ, ರಾತ್ರಿಯ ಊಟದ ಸಮಯ ಇವೆರಡರಲ್ಲೇ ಹೆಚ್ಚು ಆರ್ಡರ್ ಇರುವುದರಿಂದ, ಇನ್‌ಸೆಂಟಿವ್ ಮುಟ್ಟಬೇಕಾದರೆ ಬೆಳಿಗ್ಗೆ ಹನ್ನೊಂದಕ್ಕೆ ಲಾಗಿನ್ ಆಗಿ ರಾತ್ರಿ ಹನ್ನೊಂದರವರೆಗೂ ರಸ್ತೆಯಲ್ಲಿರಬೇಕು. ಬಿಡುವಾದಾಗ ಮಾಡಬಹುದಾದ ಕೆಲಸವೆಂದು ಪ್ರಚಾರ ಪಡೆದದ್ದು ಹೀಗೆ ಹನ್ನೆರಡು ಗಂಟೆಯ ಕೆಲಸವಾಗುತ್ತದೆ. ಪೆಟ್ರೋಲ್, ಗಾಡಿಯ ಸರ್ವೀಸು, ಮೊಬೈಲ್ ಡೇಟಾ ಎಲ್ಲ ದುಡಿಯುವವನದೇ ಖರ್ಚು. 2025ರಲ್ಲಿ ಮೊದಲು ಸುಗ್ರೀವಾಜ್ಞೆಯಾಗಿ, ಬಳಿಕ ಕಾಯ್ದೆಯಾಗಿ ಬಂದ ಕರ್ನಾಟಕದ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾನೂನು ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಪಾವತಿಯಾಗುವ ಮೊತ್ತದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ವಿಧಿಸಲು ಅವಕಾಶ ಕೊಟ್ಟಿದೆ. ಕಾರ್ಮಿಕರನ್ನು ಕೈಬಿಡುವ ಮುನ್ನ ಕಾರಣ ತಿಳಿಸಿ ನೋಟಿಸ್ ಕೊಡಬೇಕೆಂದೂ ಹೇಳಿದೆ. ಗಂಟೆ ಎಷ್ಟೇ ಕಡಿಮೆ ಇರಲಿ, ಆ್ಯಪ್ ಎಷ್ಟೇ ಬದಲಾಗಲಿ, ಶುಲ್ಕ ವಹಿವಾಟನ್ನು ಹಿಂಬಾಲಿಸಿ ಬರುತ್ತದೆ ಎಂಬುದು ಇದರ ದೊಡ್ಡ ಗುಣ. ಮನೆಗೆಲಸದವರಿಗೂ ಇಂಥ ದಾರಿ ಹುಡುಕಬಹುದು. ಆದರೆ ಕಾಯುವ ಹೊತ್ತಿಗೆ ಸಂಬಳವೆಷ್ಟು ಎಂಬ ಪ್ರಶ್ನೆಯನ್ನು ಈ ಕಾನೂನು ಮುಟ್ಟುವುದಿಲ್ಲ.

ನ್ಯಾಯಾಲಯಗಳು ಈ ವಿಷಯದಲ್ಲಿ ಒಂದೇ ದಿಕ್ಕಿನಲ್ಲಿ ನಡೆದಿಲ್ಲ. ಎರಡು ಮುಖ್ಯ ತೀರ್ಪುಗಳು ಕರ್ನಾಟಕದ ಪ್ರಕರಣಗಳಿಂದಲೇ ಹುಟ್ಟಿದವು, ಎರಡೂ 2006ರವು. ಆ ವರ್ಷದ ಏಪ್ರಿಲ್‌ನಲ್ಲಿ ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನೇಮಕಾತಿ ನಿಯಮಗಳನ್ನು ಪಾಲಿಸದೆ ತಾತ್ಕಾಲಿಕವಾಗಿ ತೆಗೆದುಕೊಂಡವರು ಖಾಯಂ ಆಗುವ ಹಕ್ಕು ಕೇಳಲಾಗದು ಎಂದಿತು. ಡಿಸೆಂಬರ್‌ನಲ್ಲಿ ಅಮೀರ್‌ಬಿ ಪ್ರಕರಣದಲ್ಲಿ, ಅಂಗನವಾಡಿ ಕಾರ್ಯಕರ್ತೆಯರು ನಾಗರಿಕ ಸೇವೆಯ ಹುದ್ದೆ ಹೊಂದಿದವರಲ್ಲ ಎಂದಿತು. ಉಮಾದೇವಿ ತೀರ್ಪಿನ ಉದ್ದೇಶ ಹಿಂಬಾಗಿಲ ನೇಮಕಾತಿ ತಡೆಯುವುದಾಗಿತ್ತು. ಆಡಳಿತಗಳು ಅದನ್ನು ಓದಿಕೊಂಡದ್ದು ತಾತ್ಕಾಲಿಕರನ್ನು ಎಷ್ಟು ವರ್ಷ ದುಡಿಸಿಕೊಂಡರೂ ಹೊಣೆಯಿಲ್ಲ ಎಂದು. 2021ರ ಇಲ್ಮೋ ದೇವಿ ಪ್ರಕರಣದಲ್ಲಿ, ಚಂಡೀಗಢದ ಅಂಚೆ ಕಚೇರಿಯ ಅರೆಕಾಲಿಕ ಕಸ ಗುಡಿಸುವವರಿಗೆ ಮಂಜೂರಾದ ಹುದ್ದೆಗಳೇ ಇಲ್ಲವಾದ್ದರಿಂದ ಖಾಯಮಾತಿಯಿಲ್ಲ, ಅರೆಕಾಲಿಕರು ಖಾಯಂ ನೌಕರರಿಗೆ ಸಮನಾದ ವೇತನವನ್ನು ಹಕ್ಕಾಗಿ ಕೇಳಲಾಗದು ಎಂಬ ತೀರ್ಮಾನ ಬಂತು.

ಗಾಳಿ ಆ ನಂತರ ಸ್ವಲ್ಪ ಬದಲಾಗಿದೆ. 2022ರ ಏಪ್ರಿಲ್‌ನಲ್ಲಿ ಗುಜರಾತಿನ ಮಣಿಬೆನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಂಗನವಾಡಿ ಕಾರ್ಯಕರ್ತೆಯರು ಮತ್ತು ಸಹಾಯಕಿಯರಿಗೆ ಗ್ರಾಚ್ಯುಟಿ ಸಲ್ಲಬೇಕೆಂದು ಹೇಳಿದ್ದಷ್ಟೇ ಅಲ್ಲ, ಅವರಿಗೆ ವಹಿಸಿರುವ ಹೊಣೆಗಳನ್ನು ನೋಡಿದರೆ ಇದನ್ನು ಅರೆಕಾಲಿಕ ಕೆಲಸವೆಂಬ ವಾದ ಒಪ್ಪುವುದು ಸಾಧ್ಯವಿಲ್ಲವೆಂದಿತು. 2024ರ ಡಿಸೆಂಬರ್‌ನ ಜಗ್ಗೊ ಪ್ರಕರಣದಲ್ಲಿ, ಕೇಂದ್ರ ಜಲ ಆಯೋಗದಲ್ಲಿ ಅರೆಕಾಲಿಕರೆಂಬ ಹೆಸರಿನಲ್ಲಿ ವರ್ಷಗಟ್ಟಲೆ ಕಸ ಗುಡಿಸಿದ, ತೋಟ ನೋಡಿಕೊಂಡ ಕೆಲಸಗಾರರ ಸೇವೆಯನ್ನು ಸಕ್ರಮಗೊಳಿಸಲು ಆದೇಶಿಸಿ, ಉಮಾದೇವಿ ತೀರ್ಪನ್ನು ಇಂಥವರ ವಿರುದ್ಧ ಆಯುಧವಾಗಿ ಬಳಸಬಾರದೆಂದು ಎಚ್ಚರಿಸಿತು. ಬಿಸಿಯೂಟದ ಬಗ್ಗೆ ಅತ್ಯಂತ ಕಟುವಾದ ಮಾತು ಬಂದದ್ದು 2020ರ ಡಿಸೆಂಬರ್‌ನಲ್ಲಿ ಅಲಹಾಬಾದ್ ಹೈಕೋರ್ಟಿನಿಂದ. ತಿಂಗಳಿಗೆ ಸಾವಿರ ರೂಪಾಯಿಗೆ ಅಡುಗೆ ಮಾಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯಾಗುತ್ತದೆ ಎಂದ ಅದು ಕನಿಷ್ಠ ವೇತನ ಕೊಡಲು ನಿರ್ದೇಶಿಸಿತು. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದೇ ಬಲವಂತದ ದುಡಿಮೆ ಎಂದು 1982ರಲ್ಲೇ, ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಹೇಳಿತ್ತು.

ಕಾನೂನಿನ ಪುಸ್ತಕದಲ್ಲಿ ಇನ್ನೂ ಒಂದು ವಿಧಿಯಿದೆ, ಅದರ ಬಗ್ಗೆ ಯಾರೂ ಹೆಚ್ಚು ಮಾತನಾಡುವುದಿಲ್ಲ. 1948ರ ಕನಿಷ್ಠ ವೇತನ ಕಾಯ್ದೆಯ 15ನೇ ಕಲಮಿನ ಪ್ರಕಾರ, ದಿನದ ಲೆಕ್ಕದಲ್ಲಿ ಕನಿಷ್ಠ ವೇತನ ನಿಗದಿಯಾಗಿರುವ ಕೆಲಸಗಾರರು ಸಾಮಾನ್ಯ ದಿನಕ್ಕಿಂತ ಕಡಿಮೆ ಗಂಟೆ ದುಡಿದರೂ ಇಡೀ ದಿನದ ವೇತನಕ್ಕೆ ಅರ್ಹರಾಗಿದ್ದರು. ದುಡಿಯಲು ಮನಸ್ಸಿಲ್ಲದೆ ಅವರೇ ಬಿಟ್ಟು ಹೋಗಿದ್ದರೆ ಆ ಮಾತು ಬೇರೆ. ಆ ಕಾಯ್ದೆಯ ಬದಲಿಗೆ 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ 10ನೇ ಕಲಮಿನಲ್ಲಿಯೂ ಇದೇ ತತ್ವ ಉಳಿದಿದೆ. ಇದನ್ನು ಬರೆದವರಿಗೆ, ಅರ್ಧ ದಿನಕ್ಕೆ ಕರೆದವರು ಕೆಲಸಗಾರನ ಇಡೀ ದಿನವನ್ನು ತೆಗೆದುಕೊಂಡಿರುತ್ತಾರೆ ಎಂಬುದು ಗೊತ್ತಿತ್ತು. ಅಂಗನವಾಡಿ, ಬಿಸಿಯೂಟ, ಆಶಾದಂಥ ಯೋಜನೆಗಳ ಕಾರ್ಯಕರ್ತೆಯರಿಗೆ ಕೊಡುವುದನ್ನು ವೇತನವೆನ್ನದೆ ಗೌರವಧನ ಎಂದಿರುವುದರಿಂದ ಈ ರಕ್ಷಣೆ ಅವರನ್ನು ತಲುಪಿಲ್ಲ. ಅವರನ್ನು ಕಾರ್ಮಿಕರೆಂದು ಗುರುತಿಸಿ ಕನಿಷ್ಠ ವೇತನ ಮತ್ತು ಪಿಂಚಣಿ ಕೊಡಬೇಕೆಂದು ಸರ್ಕಾರ, ಮಾಲೀಕರು, ಕಾರ್ಮಿಕ ಸಂಘಗಳು ಮೂವರೂ ಕೂತ 45ನೇ ಭಾರತೀಯ ಕಾರ್ಮಿಕ ಸಮ್ಮೇಳನ 2013ರಲ್ಲೇ ಶಿಫಾರಸು ಮಾಡಿತ್ತು.

ಇದೆಲ್ಲದರ ಪರಿಣಾಮ ಮನೆಯೊಳಗೆ ಹೇಗೆ ಇಳಿಯುತ್ತದೆ ಎಂಬುದನ್ನು ಸಾಲದ ಪುಸ್ತಕ ನೋಡಿ ತಿಳಿಯಬಹುದು. ಸಂಬಳದ ಚೀಟಿಯಿಲ್ಲದವರಿಗೆ ಬ್ಯಾಂಕಿನ ವೈಯಕ್ತಿಕ ಸಾಲ ಸಿಗುವುದು ಕಷ್ಟ. ಗೌರವಧನ ಎರಡು ಮೂರು ತಿಂಗಳು ತಡವಾದರೆ, ಅದು ಆಗಾಗ ಆಗುವಂಥದ್ದೇ, ಸಂಘದ ಸಾಲ ಅಥವಾ ಮೈಕ್ರೋ ಫೈನಾನ್ಸ್ ಬಾಗಿಲು ಬಡಿಯಬೇಕಾಗುತ್ತದೆ. ಆದಾಯ ಬರುವುದು ಅನಿಶ್ಚಿತ, ಕಂತು ಕಟ್ಟುವುದು ಮಾತ್ರ ವಾರ ವಾರ ನಿಶ್ಚಿತ. ಕಂತು ತೀರಿಸಲು ಇನ್ನೊಂದು ಕಡೆ ಸಾಲ, ಅದನ್ನು ತೀರಿಸಲು ಮತ್ತೊಂದು ಕಡೆ. ವಸೂಲಿಯ ಕಿರುಕುಳ ಮಿತಿಮೀರಿ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಆ ಸುಗ್ರೀವಾಜ್ಞೆ ವಸೂಲಿಗಾರರನ್ನು ಹದ್ದಿನಲ್ಲಿಡಲು ಹೊರಟದ್ದು ಸರಿಯೇ. ಆದರೆ ಕಂತು ತಪ್ಪುವುದಕ್ಕೆ ಮೂಲ 'ಕೆಲಸವಿದೆ' ಎನ್ನಿಸಿಕೊಂಡ ಮನೆಗಳಲ್ಲಿಯೂ ತಿಂಗಳು ತಿಂಗಳು ಖಚಿತವಾಗಿ ಬರುವ ಹಣವಿಲ್ಲದಿರುವುದು. 2023ರ ಆಗಸ್ಟ್‌ನಿಂದ ಮನೆಯ ಯಜಮಾನಿಗೆ ಬರುತ್ತಿರುವ ಗೃಹಲಕ್ಷ್ಮಿಯ 2,000 ರೂಪಾಯಿ ಇಂಥ ಮನೆಗಳಲ್ಲಿ ಅಷ್ಟು ದೊಡ್ಡ ಆಸರೆಯಾದದ್ದು ಏಕೆಂದು ಇದರಿಂದ ಅರ್ಥವಾಗುತ್ತದೆ. ಬಿಸಿಯೂಟದ ಅಡುಗೆಯವರ ಗೌರವಧನದ ಪಕ್ಕದಲ್ಲಿಟ್ಟರೆ ಅದು ಸಣ್ಣ ಮೊತ್ತವೇನಲ್ಲ.

ಅರೆಕಾಲಿಕ ಕೆಲಸವೇ ಕೆಟ್ಟದ್ದೆಂದು ಹೇಳಿದರೆ ಅದೂ ಅರ್ಧ ಸತ್ಯವಾಗುತ್ತದೆ. ಓದುತ್ತಿರುವವರು, ಎಳೆ ಮಕ್ಕಳ ತಾಯಂದಿರು, ವಯಸ್ಸಾದ ತಂದೆತಾಯಿಯರನ್ನು ನೋಡಿಕೊಳ್ಳುವವರು, ನಿವೃತ್ತರಾದವರು ಕಡಿಮೆ ಗಂಟೆಯ ಕೆಲಸವನ್ನು ಮನಸಾರೆ ಬಯಸಬಹುದು. ನೆದರ್ಲೆಂಡ್ಸ್ ದೇಶದಲ್ಲಿ ಅರೆಕಾಲಿಕರ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಿನ ಮಟ್ಟದಲ್ಲಿದ್ದರೂ ಅಲ್ಲಿನ ಜೀವನಮಟ್ಟ ಕುಸಿದಿಲ್ಲ. ಗಂಟೆ ಕಡಿಮೆಯೆಂಬ ಕಾರಣಕ್ಕೆ ನೌಕರರ ನಡುವೆ ತಾರತಮ್ಯ ಮಾಡುವುದನ್ನು ಅಲ್ಲಿನ ಕಾನೂನು 1996ರಲ್ಲೇ ನಿಷೇಧಿಸಿತು, 2000ದಲ್ಲಿ ಗಂಟೆಗಳನ್ನು ಕಡಿಮೆ ಅಥವಾ ಹೆಚ್ಚು ಮಾಡಿಕೊಳ್ಳಲು ಕೇಳುವ ಹಕ್ಕನ್ನೂ ಕೊಟ್ಟಿತು. ಅರ್ಧ ಗಂಟೆಗಳಿಗೆ ಅರ್ಧ ಸಂಬಳ, ಅದರ ಜೊತೆಗೆ ಅದೇ ಪ್ರಮಾಣದ ರಜೆ, ವಿಮೆ, ಪಿಂಚಣಿ. ಹಾಗಿದ್ದೂ ಅಲ್ಲಿನ ಹೆಂಗಸರ ಪಿಂಚಣಿ ಗಂಡಸರದಕ್ಕಿಂತ ಬಹಳ ಕಡಿಮೆ ಎಂಬುದನ್ನು ಮರೆಯಬಾರದು. ಕಡಿಮೆ ಗಂಟೆಗಳ ಫಲ ಮುಪ್ಪಿನಲ್ಲಿ ಕಾಣಿಸಿಕೊಳ್ಳುತ್ತದೆ. ಅರೆಕಾಲಿಕ ಕೆಲಸದ ಕುರಿತು 1994ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ರೂಪಿಸಿದ 175ನೇ ಒಡಂಬಡಿಕೆಯ ತಿರುಳೂ ಇದೇ ಸಮಪ್ರಮಾಣದ ತತ್ವ. ಭಾರತ ಅದಕ್ಕೆ ಇನ್ನೂ ಸೇರಿಲ್ಲ.

ನಮ್ಮಲ್ಲಿ ಎಲ್ಲರನ್ನೂ ಒಂದೇ ಆದೇಶದಲ್ಲಿ ಖಾಯಂ ಮಾಡುವುದು ರಾಜ್ಯದ ಹಣಕಾಸಿಗೆ ಭಾರ ಎಂಬ ವಾದವನ್ನು ತಳ್ಳಿಹಾಕಲಾಗದು. ಲಕ್ಷಾಂತರ ಜನರ ಪ್ರಶ್ನೆ ಅದು. ಆದರೆ ಖಾಯಮಾತಿ ಮತ್ತು ಈಗಿನ ಸ್ಥಿತಿ ಇವೆರಡರ ನಡುವೆ ಮಾಡಬಹುದಾದ ಕೆಲಸ ಬಹಳಷ್ಟಿದೆ. ದುಡಿಮೆಯ ಗಂಟೆಗಳನ್ನು ಆದೇಶದಲ್ಲಿ ಸ್ಪಷ್ಟವಾಗಿ ಬರೆಯುವುದು, ಹೊಸ ಕೆಲಸ ಸೇರಿಸಿದಾಗ ಗಂಟೆಯನ್ನೂ ಗೌರವಧನವನ್ನೂ ಪರಿಷ್ಕರಿಸುವುದು, ಗೌರವಧನ ನಿಗದಿತ ದಿನಾಂಕಕ್ಕೆ ಖಾತೆಗೆ ಬೀಳುವಂತೆ ಮಾಡುವುದು ಇವಕ್ಕೆ ಯಾವ ಸುಪ್ರೀಂ ಕೋರ್ಟ್ ತೀರ್ಪೂ ಅಡ್ಡಿಯಲ್ಲ. 2025ರ ಜನವರಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಮಲಗಿ ಮುಷ್ಕರ ನಡೆಸಿದ ಆಶಾ ಕಾರ್ಯಕರ್ತೆಯರು ಕೇಳಿದ್ದರಲ್ಲಿ ಮುಖ್ಯವಾದದ್ದೂ ಇಂಥದೇ: ಇಷ್ಟು ಕೆಲಸಕ್ಕೆ ಇಷ್ಟು ಎಂಬ ಬಿಡಿ ಪ್ರೋತ್ಸಾಹಧನದ ಬದಲು ತಿಂಗಳಿಗೆ ಖಚಿತವಾದ ಒಂದು ಮೊತ್ತ. ಕನಿಷ್ಠ ಹತ್ತು ಸಾವಿರ ರೂಪಾಯಿಯ ಭರವಸೆ ಸಿಕ್ಕ ಮೇಲೆಯೇ ಅವರು ಮನೆಗೆ ಮರಳಿದ್ದು.

ಬೆಲೆ ಏರಿಕೆಗೆ ತಕ್ಕಂತೆ ಮೊತ್ತವನ್ನು ಪರಿಷ್ಕರಿಸುವ ವ್ಯವಸ್ಥೆಯೂ ಸರ್ಕಾರಕ್ಕೆ ಹೊಸದಲ್ಲ. ಗ್ರಾಮೀಣ ಡಾಕ್ ಸೇವಕರು ಅರೆಕಾಲಿಕರಾಗಿದ್ದರೂ ಅವರ ಭತ್ಯೆಯ ಮೇಲೆ ತುಟ್ಟಿಭತ್ಯೆ ಸಿಗುತ್ತದೆ. ಬಿಸಿಯೂಟ ಯೋಜನೆಯೊಳಗೇ ಇನ್ನೂ ಹತ್ತಿರದ ಉದಾಹರಣೆಯಿದೆ. ಬೇಳೆ, ತರಕಾರಿ, ಎಣ್ಣೆ, ಉರುವಲಿಗೆಂದು ಪ್ರತಿ ಮಗುವಿಗೆ ಕೊಡುವ ಸಾಮಗ್ರಿ ವೆಚ್ಚವನ್ನು ಕೇಂದ್ರ ಸರ್ಕಾರ ಕಾರ್ಮಿಕ ಬ್ಯೂರೋದ ಬೆಲೆ ಸೂಚ್ಯಂಕ ನೋಡಿ ಪರಿಷ್ಕರಿಸುತ್ತ ಬಂದಿದೆ. 2009ರ ಡಿಸೆಂಬರ್‌ನಲ್ಲಿ ಪ್ರಾಥಮಿಕ ತರಗತಿಯ ಮಗುವಿಗೆ ದಿನಕ್ಕೆ 2.50 ರೂಪಾಯಿ ಇದ್ದ ಈ ವೆಚ್ಚ 2025ರ ಮೇ 1ರಿಂದ 6.78 ರೂಪಾಯಿಯಾಗಿದೆ; ಹಿರಿಯ ಪ್ರಾಥಮಿಕದಲ್ಲಿ 3.75 ಇದ್ದದ್ದು 10.17 ಆಗಿದೆ. ಹೆಚ್ಚುಕಡಿಮೆ 2.7 ಪಟ್ಟು. ಅದೇ ದಿನ, ಅದೇ ಯೋಜನೆಯಡಿ ನಿಗದಿಯಾದ ಅಡುಗೆಯವರ ಸಾವಿರ ರೂಪಾಯಿಗೂ ಈ ಸೂಚ್ಯಂಕವನ್ನು ಅನ್ವಯಿಸಿದ್ದರೆ ಕೇಂದ್ರ ಮತ್ತು ರಾಜ್ಯ ಹಂಚಿಕೊಳ್ಳುವ ಮೊತ್ತವೇ ಇಂದು 2,700 ರೂಪಾಯಿ ಇರುತ್ತಿತ್ತು, ರಾಜ್ಯದ ಹೆಚ್ಚುವರಿ ಪಾಲು ಅದರ ಮೇಲೆ ಸೇರುತ್ತಿತ್ತು. ಸಾಮಗ್ರಿ ವೆಚ್ಚದ ಮುಂದಿನ ಪರಿಷ್ಕರಣೆಯ ಕಡತ ಸಿದ್ಧವಾಗುವಾಗ ಗೌರವಧನವನ್ನೂ ಅದೇ ಕಡತಕ್ಕೆ ಸೇರಿಸಲು ಹೊಸ ಕಾನೂನು ಬೇಕಿಲ್ಲ, ಶಿಕ್ಷಣ ಸಚಿವಾಲಯದ ಪ್ರಸ್ತಾವ ಮತ್ತು ಹಣಕಾಸು ಸಚಿವಾಲಯದ ಒಪ್ಪಿಗೆ ಸಾಕು.